ಬೇಸಿಗೆಯ ತರಕಾರಿ ಗದ್ದೆ: ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲಾ ಮತ್ತು ಕುಮಟಾ ನಡುವೆ, ಸಮುದ್ರದಿಂದ ಸ್ವಲ್ಪ ಒಳಗೆ ನಮ್ಮ ಗದ್ದೆ ಇದೆ. ಒಟ್ಟು 18 ಗುಂಟೆ. ನಾನು, ನಮ್ಮ ಮನೆಯವರು, ಅತ್ತೆ, ರಜೆ ಬಂದಾಗ ಮಕ್ಕಳಿಬ್ಬರು, ಇಷ್ಟೇ ಜನ ಕೆಲಸಕ್ಕೆ. ಸಂತೆಯಲ್ಲಿ ಬುಟ್ಟಿ ಮುಂದೆ ನಿಂತವರು, ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿದವರು, ಬೆಂಗಳೂರಿನ ನೆಂಟರು, ಘಟ್ಟದ ಮೇಲಿನ ಗೆಳತಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವರು ಕೇಳಿದ ಮಾತಲ್ಲೇ ಬರೆದು, ನಮಗೆ ತಿಳಿದಷ್ಟು ಉತ್ತರ ಕೊಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಕೃಷಿ ಮಾಡುವವರಿಗೆ ಬೇಕಾದ್ದು.

## ಮೊದಲ ಸಲ ಬಂದವರು ಕೇಳುವುದು

ಇದು ಭತ್ತದ ಗದ್ದೆ ಅಲ್ವಾ? ಇಲ್ಲಿ ತರಕಾರಿ ಹೇಗೆ ಬಂತು?

ಎರಡೂ ಹೌದು. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ತರಕಾರಿ. ನವೆಂಬರ್ ಹೊತ್ತಿಗೆ ಭತ್ತ ಕೊಯ್ದು ಮುಗಿಯುತ್ತದೆ. ಆಗ ಮಣ್ಣಿನಲ್ಲಿ ಇನ್ನೂ ಹಸಿ ಇರುತ್ತದೆ. ಅದು ಆರುವ ಮೊದಲು ಉತ್ತು, ಏರಿ (ಎತ್ತರಿಸಿದ ಮಣ್ಣಿನ ಪಾತಿ) ಕಟ್ಟಿ, ಬಳ್ಳಿಗೆ ಹೊಂಡ ತೆಗೆದು, ಡಿಸೆಂಬರ್ ಮತ್ತು ಜನವರಿಯಲ್ಲಿ ಬೀಜ ಹಾಕುತ್ತೇವೆ. ಫೆಬ್ರವರಿಯಿಂದ ಕೊಯ್ಲು ಶುರು. ಏಪ್ರಿಲ್, ಮೇ ತಿಂಗಳಲ್ಲಿ ಜೋರು. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಆಗ ಅದೇ ನೆಲ ಮತ್ತೆ ಭತ್ತದ್ದು.

ಈ ಅದಲುಬದಲಿನಿಂದ ದೊಡ್ಡ ಉಪಕಾರ ಉಂಟು. ನಾಲ್ಕು ತಿಂಗಳು ನೀರು ನಿಂತ ಮಣ್ಣಿನಲ್ಲಿ ತರಕಾರಿಯ ಬೇರಿಗೆ ಬರುವ ಎಷ್ಟೋ ಹುಳು, ರೋಗ ಕಡಿಮೆಯಾಗುತ್ತವೆ. ಮನೆ ಹಿತ್ತಲಲ್ಲಿ ವರ್ಷವಿಡೀ ಬದನೆ ಹಾಕಿ ಸೋತವರು ಗದ್ದೆಗೆ ಬಂದರೆ ವ್ಯತ್ಯಾಸ ಕಾಣುತ್ತಾರೆ.

ಬೇಸಿಗೆಲಿ ಎಂತೆಂತ ಬೆಳಿತ್ರಿ?

ಹರಿವೆ, ಬಸಳೆ, ಬೆಂಡೆ, ಬದನೆ, ಮೆಣಸು, ಉದ್ದ ಅಲಸಂದೆ, ಹೀರೆ, ಹಾಗಲ, ಪಡವಲ, ಸಿಹಿಗುಂಬಳ, ಮೊಗೆಕಾಯಿ. ಹೊಯಿಗೆ (ಮರಳು) ಜಾಸ್ತಿ ಇರುವ ಮೂಲೆಯಲ್ಲಿ ಒಂದೆರಡು ಸಾಲು ಕಲ್ಲಂಗಡಿ. ಬೇಲಿಯ ಬುಡದಲ್ಲಿ ಗೆಣಸು. ಕ್ಯಾರೆಟ್, ಕೋಸು, ಬೀನ್ಸ್ ಕೇಳಬೇಡಿ. ಇಲ್ಲಿಯ ಸೆಕೆಗೆ ಅವು ಒಗ್ಗುವುದಿಲ್ಲ.

ಮೊಗೆಕಾಯಿ ಅಂದ್ರೆ ಮಂಗಳೂರು ಸೌತೆನೇ ಅಲ್ವಾ?

ಅದೇ. ಬೆಂಗಳೂರಿನವರಿಗೆ ಮಂಗಳೂರು ಸೌತೆ, ನಮಗೆ ಮೊಗೆಕಾಯಿ. ಹಸಿಯಾಗಿ ಕಚ್ಚಿ ತಿನ್ನುವುದು ಮುಳ್ಳುಸೌತೆ, ಅದು ಬೇರೆ. ಇವೆರಡೂ ಅಣ್ಣತಮ್ಮ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ಮೊಗೆಕಾಯಿ ಕರಬೂಜದ ಜಾತಿಗೆ ಸೇರಿದ್ದು. ಈ ಸಂಗತಿ ಬೀಜ ಇಡುವಾಗ ಮುಖ್ಯವಾಗುತ್ತದೆ, ಕೆಳಗೆ ಬರೆದಿದ್ದೇನೆ. ಅಡುಗೆಗೆ ಬಂದರೆ ಹುಳಿ, ಹಶಿ, ಸಿಪ್ಪೆಯ ಚಟ್ನಿ. ಒಂದು ಕಾಯಿಯಲ್ಲಿ ಎಸೆಯುವುದು ಏನೂ ಇಲ್ಲ.

ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ? ಮಧ್ಯಾಹ್ನ ಆ ಬಿಸಿಲಲ್ಲಿ ಎಂತ ಮಾಡ್ತೀರಿ?

ಏಪ್ರಿಲ್ ತಿಂಗಳಲ್ಲಿ ಐದಕ್ಕೆ ಎದ್ದು ಐದೂವರೆಗೆ ಗದ್ದೆಯಲ್ಲಿ ಇರುತ್ತೇವೆ. ಮೊದಲು ಕೊಯ್ಲು, ಆಮೇಲೆ ನೀರು. ಒಂಬತ್ತೂವರೆಗೆ ಮನೆಗೆ ಬಂದು ಗಂಜಿ, ಉಪ್ಪಿನಕಾಯಿ. ಘಟ್ಟದ ಕೆಳಗೆ ಬಿಸಿಲಿಗಿಂತ ಕಷ್ಟದ್ದು ಸೆಕೆ. ಥರ್ಮಾಮೀಟರು 34 ತೋರಿಸಿದರೂ ಗಾಳಿಯಲ್ಲಿ ಇಷ್ಟು ನೀರಿನ ಅಂಶ ಇರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಗಾಗಿ ಹನ್ನೊಂದರಿಂದ ಮೂರೂವರೆವರೆಗೆ ಯಾರೂ ಗದ್ದೆಗೆ ಇಳಿಯಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಹಿಂದೊಮ್ಮೆ ನಾನು ಆ ಮಾತು ಮೀರಿ ಕಳೆ ಕೀಳುತ್ತ ಕೂತು ತಲೆ ತಿರುಗಿ ಬಿದ್ದಿದ್ದೆ. ಆಮೇಲೆ ಮೀರಿಲ್ಲ.

ಮಧ್ಯಾಹ್ನ ಜಗಲಿಯ ಕೆಲಸ ಬೇಕಾದಷ್ಟು ಇರುತ್ತದೆ. ಸೊಪ್ಪು ಕಟ್ಟು ಮಾಡುವುದು, ಬೀಜ ಬಿಡಿಸುವುದು, ಹಲಸಿನ ಹಪ್ಪಳ ತಟ್ಟುವುದು, ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ ಒಣಗಿಸುವುದು. ಮುರುಗಲು ಪಾನಕಕ್ಕೆ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಒಂದು ದೊಡ್ಡ ಪಾತ್ರೆ ಮಾಡಿ ಇಡುತ್ತೇವೆ. ಸಂಜೆ ನಾಲ್ಕರ ಮೇಲೆ ಪಡುವಣ ಗಾಳಿ ಇರುತ್ತದೆ. ಆಗ ಮತ್ತೆ ಗದ್ದೆಗೆ, ಕತ್ತಲಾಗುವವರೆಗೆ.

ಮಕ್ಕಳಿಗೆ ರಜೆ ಇರೋದೇ ಎರಡು ತಿಂಗಳು. ಅವರನ್ನೂ ಕೆಲಸಕ್ಕೆ ಹಚ್ಚೋದಾ?

ಬೆಳಿಗ್ಗೆ ಒಂದು ಗಂಟೆ, ಅಷ್ಟೇ. ಮಗಳಿಗೆ ಬೆಂಡೆ ಕೊಯ್ಯುವುದು, ಮಗನಿಗೆ ಉದುರಿದ ಕಾಯಿ ಹೆಕ್ಕುವುದು. ದನ ನುಗ್ಗದ ಹಾಗೆ ದಣಪೆ ಹಾಕುವುದೂ ಅವನದೇ. ಆಮೇಲೆ ಹೊಳೆ, ಮಾವಿನ ಮರ, ಕ್ರಿಕೆಟ್. ಬಂಡಿಹಬ್ಬದ ದಿನ ಯಾರಿಗೂ ಕೆಲಸ ಇಲ್ಲ. ತಾವು ಕೊಯ್ದ ಬೆಂಡೆ ಮಾರಿದ ದುಡ್ಡು ಅವರದ್ದೇ. ಅದರಲ್ಲಿ ಹೆಚ್ಚಿನದು ಕರಿ ಈಶಾಡಿಗೆ ಹೋಗುತ್ತದೆ. 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ನಮ್ಮ ಅಂಕೋಲಾದ ಮಾವು ಅದು. ಮೇ ತಿಂಗಳಲ್ಲಿ ಬಂದರೆ ತಿನ್ನದೆ ಹೋಗಬೇಡಿ.

## ಕೊಯ್ಲು, ಕೊಳ್ಳುವುದು, ಕಾಪಿಡುವುದು

ಕಾಯಿ ಕೊಯ್ಯೋ ಹೊತ್ತು ಬಂತು ಅಂತ ಹೇಗೆ ಗೊತ್ತಾಗ್ತದೆ?

ಒಂದೊಂದಕ್ಕೆ ಒಂದೊಂದು ಗುರುತು. ಬದನೆಗೆ ಹೊಳಪು ಇರಬೇಕು. ಹೊಳಪು ಹೋಗಿ ಮಂಕಾದರೆ ಒಳಗೆ ಬೀಜ ಬಲಿತಿದೆ. ಹೀರೆಯ ಏಣು ಬೆರಳಿಗೆ ಮೆತ್ತಗೆ ಬಗ್ಗಬೇಕು. ಹಾಗಲದ ಉಬ್ಬುಗಳು ಅಗಲವಾಗಿ ಬಿಡಿಸಿಕೊಂಡರೆ ಸಾಕು, ಬಣ್ಣ ತಿರುಗುವವರೆಗೆ ಕಾಯಬೇಡಿ. ಮೊಗೆಕಾಯಿ ಮಾತ್ರ ಪೂರ್ತಿ ಬಲಿಯಬೇಕು. ಹಸಿರು ಹೋಗಿ ಹಳದಿ ಪಟ್ಟೆ ಬರುತ್ತದೆ, ತೊಟ್ಟು ಒಣಗುತ್ತದೆ, ಉಗುರು ಒತ್ತಿದರೆ ಇಳಿಯುವುದಿಲ್ಲ. ಬೀಜ ಹಾಕಿ ಸುಮಾರು 75 ದಿನಕ್ಕೆ ಈ ಹದ.

ಕಲ್ಲಂಗಡಿಯನ್ನು ತಟ್ಟಿ ನೋಡುವವರೇ ಜಾಸ್ತಿ. ತಟ್ಟಿ ಹೇಳುವುದು ಅತ್ತೆಗೆ ಬರುತ್ತದೆ, ನನಗೆ ಈಗಲೂ ನಂಬಿಕೆ ಇಲ್ಲ. ನಾನು ನೋಡುವುದು ಎರಡನ್ನು. ಕಾಯಿಯ ತೊಟ್ಟಿನ ಪಕ್ಕದಲ್ಲೇ ಇರುವ ಸುರುಳಿ ಎಳೆ ಒಣಗಿರಬೇಕು. ನೆಲಕ್ಕೆ ತಾಗಿದ ಜಾಗ ಬಿಳಿ ಇದ್ದದ್ದು ಬೆಣ್ಣೆಯ ಬಣ್ಣಕ್ಕೆ ತಿರುಗಿರಬೇಕು. ಕಿತ್ತ ಮೇಲೆ ಕಲ್ಲಂಗಡಿ ಮತ್ತೆ ಸಿಹಿಯಾಗುವುದಿಲ್ಲ. ಆತುರ ಮಾಡಿದರೆ ಅಷ್ಟೂ ನಷ್ಟ.

ಒಂದು ದಿನ ಬಿಟ್ಟು ನೋಡಿದ್ರೆ ಬೆಂಡೆ ಬಲಿತು ಮರ ಆಗಿರ್ತದಲ್ಲ?

ಹೂವು ಅರಳಿದ ಐದಾರು ದಿನಕ್ಕೆ ಬೆಂಡೆ ತಯಾರು. ಸೆಕೆಯಲ್ಲಿ ಅದು ರಾತ್ರಿ ಬೆಳಗಾಗುವುದರಲ್ಲಿ ಉದ್ದವಾಗುತ್ತದೆ. ದಿನ ಬಿಟ್ಟು ದಿನ ಕೊಯ್ಯಲೇಬೇಕು. ತುದಿ ಮುರಿದರೆ ಪಟ್ಟನೆ ಮುರಿಯಬೇಕು, ನಾರು ಎಳೆಯಬಾರದು. ಬಲಿತದ್ದನ್ನು ಗಿಡದಲ್ಲಿ ಬಿಡಬೇಡಿ. ಬೀಜ ಆಯಿತು ಅಂತ ಗಿಡಕ್ಕೆ ಗೊತ್ತಾದರೆ ಹೊಸ ಹೂವು ಕಡಿಮೆ ಮಾಡುತ್ತದೆ. ಕೊಯ್ದು ದನಕ್ಕಾದರೂ ಹಾಕಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಕೈಯೆಲ್ಲ ತುರಿಕೆ.

ಹರಿವೆ ಮನೆಗೆ ಒಯ್ಯೋದ್ರೊಳಗೆ ಬಾಡಿ ಸತ್ತೇ ಹೋಗ್ತದೆ. ನಿಮ್ಮ ಬುಟ್ಟಿಲಿ ಹೇಗೆ ಹಾಗೆ ಇರ್ತದೆ?

ಕೀಳುವ ಹೊತ್ತು ಮುಖ್ಯ. ಬಿಸಿಲು ಏರಿದ ಮೇಲೆ ಕಿತ್ತ ಸೊಪ್ಪಿನಲ್ಲಿ ಬಿಸಿ ಉಳಿದಿರುತ್ತದೆ, ಅದು ನೀರು ಹೊಡೆದರೂ ಏಳುವುದಿಲ್ಲ. ನಾವು ಹಿಂದಿನ ಸಂಜೆ ಹೊತ್ತು ಮುಳುಗಿದ ಮೇಲೆ ಬೇರು ಸಮೇತ ಕೀಳುತ್ತೇವೆ. ಬೇರಿನ ಮಣ್ಣು ಮಾತ್ರ ತೊಳೆದು, ಕಟ್ಟು ಮಾಡಿ, ಬೇರು ಕೆಳಗಾಗಿ ನಿಲ್ಲಿಸಿ, ಮೇಲೆ ಒದ್ದೆ ಗೋಣಿ ಹೊದಿಸುತ್ತೇವೆ. ರಾತ್ರಿಯ ತಂಪಿಗೆ ಅದು ಸೆಟೆದು ನಿಲ್ಲುತ್ತದೆ. ನೀವು ಕೊಂಡವರೂ ಬೇರು ಕತ್ತರಿಸಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಾರಿನಲ್ಲಿ ಇಡಬೇಡಿ. ಒದ್ದೆ ಬಟ್ಟೆ ಸುತ್ತಿದರೆ ಘಟ್ಟ ಹತ್ತಿ ಶಿರಸಿ ಮುಟ್ಟುವವರೆಗೆ ಏನೂ ಆಗುವುದಿಲ್ಲ.

ಕುಮಟಾ ಈರುಳ್ಳಿನ ಹಾಗೆ ಜಡೆ ಹೆಣೆದು ನೇತು ಹಾಕೋದು ಚೆಂದಕ್ಕಾ?

ಚೆಂದವೂ ಹೌದು, ಆದರೆ ಅದಕ್ಕಲ್ಲ. ನಮ್ಮಲ್ಲಿ ಈರುಳ್ಳಿ ಇಲ್ಲ, ನಾದಿನಿಯ ಮನೆ ಕುಮಟಾ ಕಡೆ, ಅಲ್ಲಿ ಬೆಳೆಯುತ್ತಾರೆ. ಸೊಪ್ಪು ತಾನಾಗಿ ಬಿದ್ದ ಮೇಲೆ ಕಿತ್ತು, ಸೊಪ್ಪು ಕತ್ತರಿಸದೆ ನೆರಳಲ್ಲಿ ಬಾಡಿಸುತ್ತಾರೆ. ಆ ಸೊಪ್ಪನ್ನೇ ಸೇರಿಸಿ ಹೆಣೆಯುತ್ತಾರೆ. ಕತ್ತರಿಸಿದ ಗಾಯ ಇಲ್ಲದ್ದರಿಂದ ಕುತ್ತಿಗೆಯಿಂದ ಕೊಳೆ ಇಳಿಯುವುದಿಲ್ಲ. ನೇತು ಹಾಕಿದಾಗ ಸುತ್ತಲೂ ಗಾಳಿ ಆಡುತ್ತದೆ. ಈ ಈರುಳ್ಳಿಗೆ ಖಾರ ಕಡಿಮೆ, ಸಿಹಿ ಜಾಸ್ತಿ. ಮನೆಗೆ ಒಯ್ದವರು ಜಡೆ ಬಿಚ್ಚಿ ಡಬ್ಬಿಗೆ ತುಂಬಿದರೆ ಆ ಕಷ್ಟವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಅಡುಗೆಮನೆಯಲ್ಲಿ ಗಾಳಿ ಬರುವ ಕಡೆ ಒಂದು ಮೊಳೆಗೆ ನೇತು ಹಾಕಿ.

ಮೊಗೆಕಾಯಿ ಮಳೆಗಾಲ ಮುಗಿಯೋವರೆಗೂ ಇಡ್ತಾರಂತೆ, ನಿಜವಾ?

ನಿಜ. ಮಳೆಗಾಲದಲ್ಲಿ ಇಲ್ಲಿ ತರಕಾರಿ ಸಿಗುವುದು ಕಷ್ಟ. ಆಗ ಅಟ್ಟದ ಮೊಗೆಕಾಯಿಯೇ ಆಧಾರ. ಚೆನ್ನಾಗಿ ಬಲಿತದ್ದನ್ನು ತೊಟ್ಟು ಸಮೇತ ಕೊಯ್ಯಬೇಕು. ತೊಳೆಯಬಾರದು, ನೆಲಕ್ಕೆ ಹಾಕಬಾರದು. ಬಿದ್ದ ಪೆಟ್ಟು ಹೊರಗೆ ಕಾಣುವುದಿಲ್ಲ, ತಿಂಗಳ ಮೇಲೆ ಅಲ್ಲಿಂದಲೇ ಕೊಳೆಯುತ್ತದೆ. ಒಂದು ವಾರ ಜಗಲಿಯ ನೆರಳಲ್ಲಿ ಇಟ್ಟು, ಬಾಳೆಯ ಪಟ್ಟೆಯಿಂದ ಒಂದೊಂದನ್ನೂ ಬೇರೆ ಬೇರೆ ಕಟ್ಟಿ ಅಟ್ಟದ ಅಡ್ಡೆಗೆ ನೇತು ಹಾಕುತ್ತೇವೆ. ಒಂದಕ್ಕೊಂದು ತಾಗಬಾರದು. ಒಲೆಯ ಹೊಗೆ ಸೋಕುವ ಜಾಗ ಆದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ನೋಡಿ ಮೆತ್ತಗಾದದ್ದನ್ನು ಮೊದಲು ಅಡುಗೆಗೆ ತೆಗೆಯಬೇಕು. ಗ್ಯಾಸ್ ಒಲೆ ಬಂದ ಮೇಲೂ ನಮ್ಮನೆಯಲ್ಲಿ ಬಚ್ಚಲ ಒಲೆಯ ಮೇಲಿನ ಅಟ್ಟ ಇದಕ್ಕಾಗಿಯೇ ಉಳಿದಿದೆ.

ಮುಳ್ಳುಸೌತೆ ಕಹಿ ಬಂತು. ತಿಂದ್ರೆ ಏನಾದ್ರೂ ಆಗ್ತದಾ?

ನೀರು ಹೆಚ್ಚುಕಡಿಮೆಯಾದಾಗ, ಬಿಸಿಲು ಜಾಸ್ತಿಯಾದಾಗ ಬಳ್ಳಿ ಕಹಿ ಅಂಶ ಮಾಡಿಕೊಳ್ಳುತ್ತದೆ. ಕಹಿ ತೊಟ್ಟಿನ ಕಡೆ ಜಾಸ್ತಿ. ಆ ತುದಿ ಕತ್ತರಿಸಿ ತೆಗೆದು, ಉಳಿದದ್ದನ್ನು ಕಚ್ಚಿ ನೋಡಿ. ಅದೂ ಕಹಿ ಇದ್ದರೆ ಬಿಡಿ. ಸೋರೆಕಾಯಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಗಟ್ಟಿಯಾಗಿರಿ. ಕಹಿ ಸೋರೆಯನ್ನು ಬೇಯಿಸಿಯೂ ತಿನ್ನಬಾರದು, ರಸ ಅಂತೂ ಕುಡಿಯಲೇಬಾರದು. ಅದು ನಿಜವಾದ ವಿಷ, ವಾಂತಿಭೇದಿಯಾಗಿ ಪ್ರಾಣ ಹೋದದ್ದು ಉಂಟು. ಕತ್ತರಿಸಿದ ಕೂಡಲೇ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿಯಾದರೆ ಉಗುಳಿ ಎಸೆಯಿರಿ.

ಹುಬ್ಬಳ್ಳಿ ಲಾರಿಯ ತರಕಾರಿ ಇದಕ್ಕಿಂತ ಕಡಿಮೆಗೆ ಸಿಗ್ತದಲ್ಲ ಅಕ್ಕಾ?

ಸಿಗುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲೂ ಘಟ್ಟದ ಮೇಲಿನ ಮಾಲೇ ಜಾಸ್ತಿ. ಅವರೂ ರೈತರೇ, ಅವರ ಬಗ್ಗೆ ನನಗೆ ಬೇಸರ ಇಲ್ಲ. ನಮ್ಮ ಬುಟ್ಟಿಯಲ್ಲಿ ಇರುವುದು ಹಿಂದಿನ ಸಂಜೆ ಅಥವಾ ಅದೇ ಬೆಳಿಗ್ಗೆ ಕೊಯ್ದದ್ದು. ಒಂದೊಂದು ಗಿಡಕ್ಕೂ ಕೈಯಲ್ಲಿ ನೀರು ಹೊತ್ತು ಹಾಕಿದ್ದು. ನಮ್ಮ ಹೆಂಗಸರ ಹತ್ತಿರ ಹತ್ತು ರೂಪಾಯಿಯ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಹತ್ತು ಗಂಟೆಯ ಮೇಲೆ ಉಳಿದದ್ದನ್ನು ನಾವೇ ಕಡಿಮೆಗೆ ಕೊಡುತ್ತೇವೆ, ಆಗ ಬನ್ನಿ.

## ನೀರು ಮತ್ತು ಮಣ್ಣು

ದಿನಕ್ಕೆ ಎಷ್ಟು ನೀರು ಬೇಕು? ಪೂರ್ತಿ ಕೊಡಪಾನದಲ್ಲೇ ಹಾಕ್ತೀರಾ?

ನಮ್ಮ ಬಾವಿ 12 ಅಡಿ ಆಳ, ಚಿರೆಕಲ್ಲು ಕಟ್ಟಿದ್ದು. ಸಣ್ಣ ಪಂಪಿನಿಂದ ತೊಟ್ಟಿ ತುಂಬಿಸಿಕೊಂಡು, ತೊಟ್ಟಿಯಿಂದ ಕೊಡಪಾನದಲ್ಲಿ ಹಾಕುತ್ತೇವೆ. ಒಂದು ಕೊಡಪಾನ ಅಂದರೆ ಹತ್ತು ಹನ್ನೆರಡು ಲೀಟರು. ಮೊಗೆಕಾಯಿಗೆ 140 ಹೊಂಡ ಇವೆ, ಎರಡು ದಿನಕ್ಕೊಮ್ಮೆ ಹೊಂಡಕ್ಕೆ ಒಂದು ಕೊಡಪಾನ. ಅದೊಂದಕ್ಕೇ ಸುಮಾರು 1,500 ಲೀಟರು ಆಯಿತು. ಹರಿವೆಗೆ ದಿನಾ ಬೇಕು, ಸ್ವಲ್ಪವೇ ಆದರೂ ತಪ್ಪಬಾರದು.

ಈ ವಿದ್ಯೆ ನಮಗೆ ಬಂದದ್ದು ನೆರೆಯ ಹಾಲಕ್ಕಿ ಒಕ್ಕಲಿಗರ ಹೆಂಗಸರಿಂದ. ಎರಡೂ ಕೈಯಲ್ಲಿ ಒಂದೊಂದು ಕೊಡಪಾನ ಹಿಡಿದು, ಏರಿಯ ನಡುವೆ ನಡೆಯುತ್ತಲೇ ನೀರು ಚಿಮ್ಮಿಸುತ್ತಾರೆ. ಮಳೆ ಬಿದ್ದ ಹಾಗೆ ಎಲ್ಲ ಕಡೆ ಒಂದೇ ಸಮ. ಎಳೆಯ ಸಸಿ ಒಂದೂ ಬಾಗುವುದಿಲ್ಲ. ನಾನು ಕಲಿಯಲು ಎರಡು ಬೇಸಿಗೆ ಹಿಡಿಯಿತು.

ನೀರು ಉಳಿಸಲು ದೊಡ್ಡ ಸಹಾಯ ದರಕು. ಬೆಟ್ಟದಿಂದ ತಂದ ಒಣ ಎಲೆಯನ್ನು ನಾಲ್ಕು ಬೆರಳು ದಪ್ಪ ಬುಡಕ್ಕೆ ಹೊದಿಸಿದರೆ ಎರಡು ದಿನಕ್ಕೊಮ್ಮೆ ಹಾಕುವ ನೀರನ್ನು ಮೂರು ದಿನಕ್ಕೊಮ್ಮೆ ಹಾಕಿದರೆ ಸಾಕಾಗುತ್ತದೆ. ದರಕು ಸಿಗದವರು ಭತ್ತದ ಹುಲ್ಲು ಹಾಕಿ. ಎಳೆಯ ಸಸಿಗೆ ಒಂದು ವಾರ ತೆಂಗಿನ ಮಡಲು ನೆರಳು ಕೊಡಿ.

ಮಧ್ಯಾಹ್ನ ಬಳ್ಳಿಯೆಲ್ಲ ಜೋತು ಬಿದ್ದಿರ್ತದೆ. ಆಗಲೇ ನೀರು ಹಾಕ್ಬೇಕಾ?

ಬೇಡ. ಕುಂಬಳ, ಮೊಗೆಕಾಯಿಯ ಅಗಲ ಎಲೆಗಳು ಮಧ್ಯಾಹ್ನ ಬಾಡುವುದು ಸಹಜ. ಬೇರು ಕೊಡುವುದಕ್ಕಿಂತ ಎಲೆಯಿಂದ ಹೋಗುವ ನೀರು ಆ ಹೊತ್ತು ಜಾಸ್ತಿ. ಸಂಜೆ ಆರಕ್ಕೆ ಎದ್ದು ನಿಂತರೆ ಚಿಂತೆ ಇಲ್ಲ. ಬೆಳಿಗ್ಗೆ ಆರಕ್ಕೂ ಬಾಡಿದ್ದರೆ ಮಾತ್ರ ಬುಡ ಕೆದಕಿ ನೋಡಿ. ಮಣ್ಣು ಒಣಗಿದ್ದರೆ ಬಾಯಾರಿಕೆ. ಹಸಿ ಇದ್ದೂ ಬಾಡಿದ್ದರೆ ಬೇರಿನ ರೋಗ.

ಬಾವಿ ಇನ್ನೂ ನಾಲ್ಕಡಿ ಆಳ ಮಾಡಿದ್ರೆ ಮೇ ತಿಂಗಳಲ್ಲೂ ನೀರು ಸಾಕಾಗ್ತದಲ್ಲ?

ಈ ಪ್ರಶ್ನೆಗೆ ನಾವು ಬೆಲೆ ತೆತ್ತು ಉತ್ತರ ಕಲಿತಿದ್ದೇವೆ. ಏಳೆಂಟು ವರ್ಷದ ಹಿಂದೆ ಏಪ್ರಿಲ್ ಕೊನೆಗೆ ನೀರು ತಳ ಕಂಡಿತು. ನಾವು ಇದೇ ಲೆಕ್ಕ ಹಾಕಿ ಬಾವಿಯನ್ನು ಆಳ ಮಾಡಿಸಿದೆವು. ನೀರು ಬಂತು, ಖುಷಿಯಾಯಿತು. ಹತ್ತು ದಿನದಲ್ಲಿ ಅಲಸಂದೆಯ ಎಲೆಯಂಚು ಸುಟ್ಟ ಹಾಗೆ ಕಂದಾಯಿತು, ಆಮೇಲೆ ಮೊಗೆಕಾಯಿಯದ್ದು. ನೀರನ್ನು ಬಾಯಿಗೆ ಹಾಕಿದರೆ ಸವುಳು. ಆ ವರ್ಷದ ಮೇ ಪೂರ್ತಿ ಹೋಯಿತು. ಬಾವಿಯ ತಳಕ್ಕೆ ಹೊಯಿಗೆ ತುಂಬಿಸಿ ಮೊದಲಿನ ಮಟ್ಟಕ್ಕೆ ತಂದೆವು. ಎರಡು ಮಳೆಗಾಲ ಕಳೆದ ಮೇಲೆ ನೀರು ಸರಿಯಾಯಿತು.

ಯಾಕೆ ಹೀಗೆ ಅಂದರೆ, ಕರಾವಳಿಯ ನೆಲದ ಅಡಿಯಲ್ಲಿ ಮಳೆಯ ಸಿಹಿನೀರು ಸಮುದ್ರದ ಉಪ್ಪುನೀರಿನ ಮೇಲೆ ತೇಲಿಕೊಂಡು ಇರುತ್ತದೆ. ಉಪ್ಪುನೀರು ಸುಮಾರು ಶೇಕಡ 2.5ರಷ್ಟು ಭಾರ, ಹಾಗಾಗಿ ಅದು ಅಡಿಗೆ. ಸಿಹಿನೀರು ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತಿದ್ದರೆ, ಅದರ ಭಾರಕ್ಕೆ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರೇ ಇರುತ್ತದೆ. ತಿರುಗಿಸಿ ನೋಡಿ. ನಾವು ಎಳೆದೆಳೆದು ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು ನಿಧಾನಕ್ಕೆ 40 ಅಡಿ ಏರಿ ಬರುವ ದಾರಿ ಆಗುತ್ತದೆ. ಆಳ ಮಾಡುವುದು ಅಂದರೆ ನಾವೇ ಉಪ್ಪಿನ ಕಡೆ ಇಳಿದು ಹೋದ ಹಾಗೆ.

ಈಗ ಮಾಡುವುದು ಇಷ್ಟು. ಒಂದೇ ಸಲ ಪಂಪು ಬಿಟ್ಟು ಬಾವಿ ಬರಿದು ಮಾಡುವುದಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಪಂಪಿನ ಪೈಪು ತಳಕ್ಕೆ ಮುಟ್ಟದ ಹಾಗೆ ಮೇಲೆ ಕಟ್ಟಿದ್ದೇವೆ. ಗದ್ದೆಯ ಇನ್ನೊಂದು ತುದಿಯಲ್ಲಿ ಆಳವಿಲ್ಲದ ಎರಡು ಹೊಂಡ ತೋಡಿದ್ದೇವೆ, ಒಂದೇ ಕಡೆ ಎಳೆಯುವುದು ತಪ್ಪಿತು. ಮುಖ್ಯವಾಗಿ, ಮೇ ತಿಂಗಳಿಗೆ ನೀರು ಕಡಿಮೆ ಇರುತ್ತದೆ ಅಂತ ಒಪ್ಪಿಕೊಂಡು ಬೆಳೆಯನ್ನೇ ಕಡಿಮೆ ಮಾಡಿದ್ದೇವೆ. ಏಪ್ರಿಲ್ 15ರ ಮೇಲೆ ಹೊಸ ಬೀಜ ಹಾಕುವುದಿಲ್ಲ, ಎರಡು ಏರಿ ಹರಿವೆ ಬಿಟ್ಟು. ಉಪ್ಪನ್ನು ಅಲಸಂದೆ ಮತ್ತು ಈರುಳ್ಳಿಗಿಂತ ಹರಿವೆ ಚೆನ್ನಾಗಿ ತಾಳುತ್ತದೆ.

ಗೊಬ್ಬರ ಎಂತ ಹಾಕ್ತ್ರಿ? ಮೀನು ಗೊಬ್ಬರ ಹಾಕಿದ್ದು ತಿನ್ನೋಕೆ ವಾಸನೆ ಬರೋದಿಲ್ವಾ?

ತರಕಾರಿಗೆ ವಾಸನೆ ಬರುವುದಿಲ್ಲ. ಗದ್ದೆಗೆ ಒಂದು ವಾರ ಬರುತ್ತದೆ, ಅದನ್ನು ಅಲ್ಲ ಅನ್ನುವುದಿಲ್ಲ. ಒಣ ತಾರ್ಲೆ ಮೀನು ಕಡಿಮೆಗೆ ಸಿಕ್ಕಾಗ ಹೊಂಡದ ತಳಕ್ಕೆ ಒಂದೆರಡು ಹಿಡಿ ಹಾಕಿ, ಒಂದು ಗೇಣು ಮಣ್ಣು ಮುಚ್ಚಿ, 15 ದಿನ ಬಿಟ್ಟು ಬೀಜ ಹಾಕುತ್ತೇವೆ. ಕೂಡಲೇ ಬೀಜ ಹಾಕಿದರೆ ಕೊಳೆಯುವ ಬಿಸಿಗೆ ಎಳೆಯ ಬೇರು ಸಾಯುತ್ತದೆ. ಮೇಲೆ ಮುಳ್ಳು ಇಡಿ, ನಾಯಿ ಕೆದರುತ್ತದೆ. ಉಳಿದಂತೆ ಕೊಟ್ಟಿಗೆ ಗೊಬ್ಬರ, ಸುಡುಮಣ್ಣು, ಒಲೆಯ ಬೂದಿ. ಇಲ್ಲಿಯ ಮಣ್ಣು ಹುಳಿ, ಹಾಗಾಗಿ ಚಿಪ್ಪಿ ಸುಣ್ಣವನ್ನೂ ಸ್ವಲ್ಪ ಹಾಕುತ್ತೇವೆ. ಸುಣ್ಣ ಮತ್ತು ಸಗಣಿ ಗೊಬ್ಬರ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ನಡುವೆ ಎರಡು ವಾರ ಇರಲಿ.

## ಕೃಷಿ ಮಾಡುವವರು ಕೇಳುವುದು

ಕುಂಬಳ, ಹೀರೆ ಹೂವು ರಾಶಿ ಬಿಡ್ತದೆ, ಕಾಯಿ ನಿಲ್ಲೋದಿಲ್ಲ. ಯಾಕೆ?

ಮೊದಲು ಬರುವುದೆಲ್ಲ ಗಂಡು ಹೂವು. ಸೆಕೆ ಜಾಸ್ತಿಯಾದರೆ ಇನ್ನೂ ಜಾಸ್ತಿ ಗಂಡೇ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಆ ಮಿಡಿ ಹಳದಿಯಾಗಿ ಉದುರಿದರೆ ಪರಾಗ ಮುಟ್ಟಿಲ್ಲ ಅಂತ. ಕುಂಬಳದ ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವುದರೊಳಗೆ ಮುಚ್ಚುತ್ತದೆ. ಆರೂವರೆಗೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣಿನ ನಡುವಿಗೆ ಮೆಲ್ಲಗೆ ಸವರಿ. ಹೀರೆ ಅರಳುವುದು ಸಂಜೆ, ಅದಕ್ಕೆ ಸಂಜೆಯೇ ಮಾಡಬೇಕು. ಇದು ಗೊತ್ತಿಲ್ಲದೆ ಬೆಳಿಗ್ಗೆ ಬಾಡಿದ ಹೀರೆ ಹೂವು ಸವರುವವರನ್ನು ತುಂಬಾ ಕಂಡಿದ್ದೇನೆ. ಜೇನು ಓಡಾಡುವ ಹೊತ್ತಿನಲ್ಲಿ ಬೇವಿನೆಣ್ಣೆಯನ್ನೂ ಹೊಡೆಯಬೇಡಿ.

ಹಾಗಲ, ಹೀರೆಯೊಳಗೆ ಬಿಳಿ ಹುಳ. ಔಷಧಿ ಹೊಡೆದ್ರೂ ಹೋಗೋದಿಲ್ಲ. ಎಂತ ಮಾಡೋದು?

ಅದು ಹಣ್ಣುನೊಣದ ಮರಿ. ನೊಣ ಎಳೆ ಹೀಚಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಮೇಲೆ ಹೊಡೆದ ಔಷಧಿ ಒಳಗೆ ಮುಟ್ಟುವುದಿಲ್ಲ. ಕಾಯಿ ಕೊಳೆತು ಬಿದ್ದಾಗ ಹುಳ ಮಣ್ಣಿಗೆ ಇಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಆದ್ದರಿಂದ ಉದುರಿದ ಒಂದು ಕಾಯಿಯೂ ಗದ್ದೆಯಲ್ಲಿ ಉಳಿಯಬಾರದು. ನಮ್ಮ ಮಗ ದಿನಾ ಹೆಕ್ಕುವುದು ಇದಕ್ಕೇ. ಹೆಕ್ಕಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗೆ ಇಡುತ್ತೇವೆ, ಎರಡು ಮೂರು ದಿನದಲ್ಲಿ ಒಳಗಿನದ್ದು ಬೆಂದು ಹೋಗುತ್ತದೆ. ಹಾಗಲಕ್ಕೆ ಹೀಚು ಇರುವಾಗಲೇ ಹಳೆ ಪೇಪರಿನ ಕೊಳವೆ ತೊಡಿಸುತ್ತೇವೆ.

ಬಲೆಯೂ ಬೇಕು. ಬಳ್ಳಿ ತರಕಾರಿಗೆ ಕ್ಯೂ ಲೂರ್ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಸೆಳೆಯುವ ಮದ್ದು ಇಟ್ಟದ್ದು. ಮಾವಿಗೆ ಹಾಕುವ ಮೀಥೈಲ್ ಯುಜಿನಾಲ್ ಇಲ್ಲಿ ಪ್ರಯೋಜನ ಇಲ್ಲ, ಅದಕ್ಕೆ ಬೀಳುವ ನೊಣವೇ ಬೇರೆ. ನಾವು ಮೊದಲ ವರ್ಷ ಅಂಗಡಿಯಲ್ಲಿ ಕೊಟ್ಟದ್ದನ್ನು ನೋಡದೆ ತಂದು ಮಾವಿನದ್ದನ್ನೇ ಹಾಗಲಕ್ಕೆ ಕಟ್ಟಿದ್ದೆವು. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಹೂವು ಶುರುವಾಗುವ ಮೊದಲೇ ಕಟ್ಟಬೇಕು.

ಬೆಂಡೆಯ ಎಲೆ ಹಳದಿ ಬಲೆಯ ಹಾಗಾದರೆ ಅದು ಬಿಳಿನೊಣ ಹರಡುವ ನಂಜುರೋಗ. ಔಷಧಿ ಇಲ್ಲ, ಗಿಡ ಕಿತ್ತು ದೂರ ಹಾಕಿ. ತಡೆಯುವ ಶಕ್ತಿ ಇರಲಿ ಅಂತಲೇ ಬಂದ ತಳಿ ಹೆಸರಘಟ್ಟದ ಅರ್ಕಾ ಅನಾಮಿಕಾ. ಸಂಶಯ ಇದ್ದರೆ ರೋಗದ ಗಿಡವನ್ನೇ ಚೀಲದಲ್ಲಿ ಹಾಕಿಕೊಂಡು ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.

ಕಾಯಿ ಬಿಟ್ಟ ಬದನೆ ಗಿಡ ಒಂದೇ ದಿನ ಹಸಿರಾಗೇ ಬಾಡಿ ಸತ್ತು ಹೋಯ್ತು. ನೀರು ಕಡಿಮೆ ಆಯ್ತಾ?

ನೀರಲ್ಲ, ಸೊರಗು ರೋಗ ಇರಬಹುದು. ಪರೀಕ್ಷೆ ಸುಲಭ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಕತ್ತರಿಸಿದ ತುದಿ ಇಳಿಬಿಟ್ಟು ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನ ಹಾಗೆ ಬಿಳಿ ಎಳೆ ಇಳಿದರೆ ಬ್ಯಾಕ್ಟೀರಿಯಾ. ಆ ಗಿಡ ಉಳಿಯುವುದಿಲ್ಲ. ಬೇರು ಸಮೇತ ಕಿತ್ತು ಸುಡಿ, ಆ ಕತ್ತಿಯನ್ನು ತೊಳೆಯದೆ ಬೇರೆ ಗಿಡಕ್ಕೆ ಮುಟ್ಟಿಸಬೇಡಿ, ಆ ಏರಿಯ ನೀರು ಇನ್ನೊಂದಕ್ಕೆ ಹರಿಯಬಾರದು. ಅಲ್ಲಿ ಮುಂದೆ ಬದನೆ, ಟೊಮೆಟೊ, ಮೆಣಸು ಬೇಡ. ಹಿತ್ತಲಲ್ಲೇ ಬೆಳೆಯಬೇಕಾದವರು ಕಾಡುಸುಂಡೆಯ ಬುಡಕ್ಕೆ ಕಸಿ ಮಾಡಿದ ಬದನೆ ಹಾಕಿ, ಅದಕ್ಕೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ.

ಮೊಗೆಕಾಯಿ ಬೀಜ ಮನೇಲೇ ಇಟ್ಟಿದ್ದೆ, ಮರುವರ್ಷ ಕಾಯಿ ಬೇರೆ ರೂಪದ್ದು ಬಂತು. ಯಾಕೆ ಹೀಗೆ?

ಪಕ್ಕದಲ್ಲಿ ಇಬ್ಬುಡ್ಲು ಹಣ್ಣಿನ ಬಳ್ಳಿ ಇತ್ತಾ? ಮೊಗೆಕಾಯಿ, ಇಬ್ಬುಡ್ಲು, ಕರಬೂಜ ಒಂದೇ ಜಾತಿ. ಜೇನು ಒಂದರಿಂದ ಇನ್ನೊಂದಕ್ಕೆ ಪರಾಗ ಒಯ್ದರೆ ಮಿಶ್ರವಾಗುತ್ತದೆ. ಮುಳ್ಳುಸೌತೆ ಪಕ್ಕದಲ್ಲಿದ್ದರೆ ಹೆದರಬೇಡಿ, ಅದು ಬೇರೆ ಜಾತಿ, ಕೂಡುವುದಿಲ್ಲ. ನಮ್ಮಂಥ ಸಣ್ಣ ಗದ್ದೆಯಲ್ಲಿ ದೂರ ಇಡುವ ಮಾತೇ ಇಲ್ಲ. ಅದಕ್ಕೆ ಸಂಜೆ ನೋಡಿ, ನಾಳೆ ಅರಳುವ ಗಂಡು ಮತ್ತು ಹೆಣ್ಣು ಮೊಗ್ಗಿನ ತುದಿಯನ್ನು ನೂಲಿನಿಂದ ಕಟ್ಟುತ್ತೇನೆ. ಬೆಳಿಗ್ಗೆ ಬಿಚ್ಚಿ, ಗಂಡನ್ನು ಹೆಣ್ಣಿಗೆ ಸವರಿ, ಹೆಣ್ಣನ್ನು ಮತ್ತೆ ಕಟ್ಟಿ, ತೊಟ್ಟಿಗೆ ಕೆಂಪು ದಾರದ ಗುರುತು. ಎಲ್ಲವೂ ನಿಲ್ಲುವುದಿಲ್ಲ, ಇಪ್ಪತ್ತು ಕಟ್ಟಿದರೆ ಏಳೆಂಟು ಕಾಯಿ. ಬೇರೆ ಬೇರೆ ಬಳ್ಳಿಯಿಂದ ಆರು ಕಾಯಿ ಸಿಕ್ಕರೆ ಸಾಕು.

ಕೊಯ್ದ ಮೇಲೆ 15 ದಿನ ಇಟ್ಟು, ತಿರುಳು ಸಮೇತ ಬೀಜ ತೆಗೆದು, ಒಂದು ದಿನ ನೀರಲ್ಲಿ ಬಿಟ್ಟು ತೊಳೆಯಬೇಕು. ತೇಲಿದ್ದು ಜಳ್ಳು. ಉಳಿದದ್ದಕ್ಕೆ ಬೂದಿ ಸವರಿ ನೆರಳಲ್ಲಿ ಒಣಗಿಸುತ್ತೇವೆ. ಅತ್ತೆ ಈಗಲೂ ಸ್ವಲ್ಪ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಇಡುತ್ತಾರೆ, ಅವರ ತಾಯಿಯ ಮನೆಯ ಕ್ರಮ. ಎರಡೂ ಚೆನ್ನಾಗಿ ಮೊಳೆಯುತ್ತವೆ.

ಭರಣಿ ಮಳೆ ಬಂದ್ರೆ ಒಳ್ಳೇದಲ್ವಾ? ನೀವ್ಯಾಕೆ ಹೆದರ್ತೀರಿ?

ಭರಣಿ ಮಳೆಗೆ ಧರಣಿ ಬೆಳೆ ಅನ್ನುವುದು ಭತ್ತಕ್ಕೆ. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಒಂದು ಹದ ಮಳೆ ಬಂದರೆ ಬಾವಿಗೂ ಹಿತ, ನಮಗೂ ಎರಡು ದಿನ ಕೊಡಪಾನಕ್ಕೆ ರಜೆ. ಹೊಡೆತ ಬೀಳುವುದು ಜೋರಾಗಿ ಬಂದಾಗ. ಬಾಯಾರಿದ್ದ ಕಲ್ಲಂಗಡಿ ಒಮ್ಮೆಲೇ ನೀರು ಕುಡಿದು ಬಿರಿಯುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಹೀರೆ, ಪಡವಲದ ಚಪ್ಪರ ಪೂರ್ತಿ ನೆಲಕ್ಕೆ ಮಲಗಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಇಲ್ಲಿಗೂ ಬೆನ್ನಿಗೇ ಬಂತು. ಕೊನೆಯ ಮೊಗೆಕಾಯಿಗಳನ್ನು ಮಳೆಯಲ್ಲೇ ಕೊಯ್ದೆವು. ಒದ್ದೆಯಾದದ್ದು ಅಟ್ಟದಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಈಚೆ ಮೇ 20ಕ್ಕೆ ಅಟ್ಟಕ್ಕೆ ಹಾಕುವ ಕಾಯಿ ಪೂರ್ತಿ ಮನೆ ಸೇರಬೇಕು ಅಂತ ಮಾಡಿಕೊಂಡಿದ್ದೇವೆ. ಆಮೇಲೆ ಬಳ್ಳಿಗಳನ್ನು ಎಳೆದು ಗದ್ದೆಗೇ ತುಳಿದು, ಒಂದು ಮೂಲೆಯಲ್ಲಿ ಭತ್ತದ ಅಗೆ ಹಾಕಲು ಮಡಿ ಮಾಡುತ್ತೇವೆ.

ಊರಿಗೆ ಬಂದು 20 ಗುಂಟೆ ತಗೊಂಡು ಹೀಗೇ ಶುರು ಮಾಡ್ಬೇಕು ಅಂತ ಆಸೆ. ಮೊದಲು ಎಂತ ನೋಡ್ಬೇಕು?

ಬನ್ನಿ, ಜನ ಬೇಕಾಗಿದ್ದಾರೆ. ಮೊದಲ ವರ್ಷ ಐದು ಗುಂಟೆಗಿಂತ ಜಾಸ್ತಿ ಮಾಡಬೇಡಿ. ಹರಿವೆ, ಬೆಂಡೆ, ಬಸಳೆ ಸಾಕು. ಹರಿವೆ 25ರಿಂದ 30 ದಿನಕ್ಕೆ ಕೈಗೆ ಬರುತ್ತದೆ, ತಪ್ಪಾದರೂ ಬೇಗ ತಿದ್ದಿಕೊಳ್ಳಬಹುದು. ಬೇಲಿಗೆ ಮೊದಲು ದುಡ್ಡು ಇಡಿ. ಭತ್ತ ಕೊಯ್ದ ಮೇಲೆ ಊರ ದನ ಬಯಲಲ್ಲೇ ಮೇಯುತ್ತವೆ, ಬೆಳಿಗ್ಗೆ ನವಿಲು ಬರುತ್ತದೆ, ರಾತ್ರಿ ಹಂದಿ.

ಜಾಗ ನೋಡಲು ಡಿಸೆಂಬರಿನಲ್ಲಿ ಬರಬೇಡಿ. ಆಗ ಎಲ್ಲ ಗದ್ದೆಯೂ ಚೆಂದ, ಎಲ್ಲ ಬಾವಿಯೂ ತುಂಬಿರುತ್ತದೆ. ಮೇ ಮೊದಲ ವಾರ ಬನ್ನಿ. ಬಾವಿಯಲ್ಲಿ ಎಷ್ಟು ಅಡಿ ನೀರಿದೆ ನೋಡಿ. ಒಂದು ಗಂಟೆ ನೀರು ಎಳೆದು, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಬೇಕು ನೋಡಿ. ಆಮೇಲೆ ಆ ನೀರನ್ನು ಒಂದು ಲೋಟ ಕುಡಿದು ನೋಡಿ.